ಕಂಡದ್ದು ಮತ್ತು ಹೆಸರಿಟ್ಟದ್ದು: ಆಕಾಶದ ಬೆಳಕುಗಳ ಪ್ರತ್ಯಕ್ಷಸಾಕ್ಷ್ಯವನ್ನು ಓದುವ ಬಗೆ

ಆಕಾಶದಲ್ಲಿ ಕಾಣಿಸಿಕೊಂಡ ಗುರುತಿಲ್ಲದ ಬೆಳಕುಗಳನ್ನು ಕುರಿತ ಬರವಣಿಗೆ ಇಂದು ಒಂದು ಗ್ರಂಥಭಂಡಾರವನ್ನು ತುಂಬುವಷ್ಟು ಬೆಳೆದಿದೆ. ಅದನ್ನು ಬೆಳೆಸಿದವರಲ್ಲಿ ಎರಡು ಪಕ್ಷಗಳುಂಟು. ಒಂದು ಪಕ್ಷದವರಿಗೆ ಪ್ರತಿಯೊಂದು ಬೆಳಕೂ ಅನ್ಯಲೋಕದ ವಾಹನ; ಮತ್ತೊಂದು ಪಕ್ಷದವರಿಗೆ ಪ್ರತಿಯೊಬ್ಬ ಸಾಕ್ಷಿಯೂ ಭ್ರಾಂತ, ಇಲ್ಲವೆ ಸುಳ್ಳುಗಾರ. ಈ ಎರಡು ಪಕ್ಷಗಳಿಗೂ ಒಂದು ದೋಷ ಸಮಾನವಾಗಿದೆ. ಸಾಕ್ಷಿ ಏನು ಹೇಳಿದನೆಂಬುದನ್ನು ಇಬ್ಬರೂ ನಿಧಾನವಾಗಿ ಓದುವುದಿಲ್ಲ. ಅವನ ಮಾತಿನ ಕೊನೆಯ ಪದವನ್ನು ಮಾತ್ರ ಹಿಡಿದುಕೊಂಡು, ಅದನ್ನು ಒಪ್ಪುವುದೋ ಅಲ್ಲಗಳೆಯುವುದೋ ಎಂಬ ಜಗಳಕ್ಕೆ ನಿಲ್ಲುತ್ತಾರೆ.

ಪ್ರಸ್ತುತ ಲೇಖನದಲ್ಲಿ ಅನ್ಯಲೋಕದವರು ಇದ್ದಾರೆಯೆ ಇಲ್ಲವೆ ಎಂಬ ವಿಚಾರಕ್ಕೆ ನಾವು ಹೋಗುವುದಿಲ್ಲ. ಪ್ರತ್ಯಕ್ಷದರ್ಶಿಯ ವರದಿಯೂ ಒಂದು ಪಾಠ, ಒಂದು ಲಿಖಿತ ದಾಖಲೆ. ಅದನ್ನು ಪರೀಕ್ಷಿಸುವ ಕ್ರಮವೊಂದು ಇರಬೇಕು ಎಂಬಷ್ಟೇ ನಮ್ಮ ವಾದ. ಆ ಕ್ರಮ ನಮಗೆ ಅಪರಿಚಿತವೇನೂ ಅಲ್ಲ. ಅರಸನೊಬ್ಬ ಸೂರ್ಯಗ್ರಹಣದಂದು ಭೂದಾನ ಮಾಡಿದನೆಂದು ಶಾಸನವೊಂದು ಹೇಳಿದರೆ, ಫ್ಲೀಟ್, ಸ್ವಾಮಿಕಣ್ಣು ಪಿಳ್ಳೆ ಮೊದಲಾದವರು ಆ ದಿನ ಗ್ರಹಣ ಸಂಭವಿಸಿತ್ತೆ ಎಂದು ಗಣಿತದಿಂದ ನೋಡಿದರು. ಲೆಕ್ಕ ಹೊಂದದಿದ್ದಾಗ ತಪ್ಪು ತಿಥಿಯದೋ, ಲಿಪಿಕಾರನದೋ, ದಾನ ಒಂದು ದಿನ ನಡೆದು ಶಾಸನ ಇನ್ನೊಂದು ದಿನ ಬರೆದದ್ದೋ ಎಂಬ ಪ್ರಶ್ನೆಗಳು ಹುಟ್ಟಿದವು. (ಗಂಗರ ತಾಮ್ರಪಟಗಳ ವಿಷಯದಲ್ಲಿ ಫ್ಲೀಟರು 'ಕೂಟಶಾಸನ' ಎಂಬ ತೀರ್ಪಿಗೆ ತುಸು ಬೇಗನೆ ಬಂದರೆಂಬ ದೂರು ಉಂಟು, ಅದು ಬೇರೆ ಮಾತು.) ಕಲ್ಲಿಗೂ ತಾಮ್ರಕ್ಕೂ ಸಲ್ಲಿಸಿದ ಈ ತಾಳ್ಮೆಯನ್ನು ಬದುಕಿರುವ ಮನುಷ್ಯನ ಮಾತಿಗೆ ನಾವು ಸಲ್ಲಿಸಿಲ್ಲ.

ನಮ್ಮ ನೈಯಾಯಿಕರು ಈ ತೊಡಕನ್ನು ಚೆನ್ನಾಗಿ ಅರಿತಿದ್ದರು. ಗೌತಮನ ನ್ಯಾಯಸೂತ್ರ ಪ್ರತ್ಯಕ್ಷಕ್ಕೆ ಕೊಡುವ ಲಕ್ಷಣಗಳಲ್ಲಿ 'ಅವ್ಯಪದೇಶ್ಯ' ಎಂಬುದೊಂದು. ಎಂದರೆ ಇನ್ನೂ ಹೆಸರಿನ ಸಂಪರ್ಕಕ್ಕೆ ಬಾರದ ಅರಿವು. ದೂರದಲ್ಲಿ ಏನನ್ನೋ ಕಂಡವನು ಅದು ಹೊಗೆಯೋ ಧೂಳೋ ಎಂದು ನಿಶ್ಚಯಿಸಲಾರದೆ ಇರುವ ಸ್ಥಿತಿಯನ್ನು ಭಾಷ್ಯಕಾರ ವಾತ್ಸ್ಯಾಯನ ಅಲ್ಲಿಯೇ ಚರ್ಚಿಸುತ್ತಾನೆ. ಅಂಥ ಅರಿವು ಸುಳ್ಳೂ ಅಲ್ಲ, ಪೂರ್ಣವೂ ಅಲ್ಲ. ಆಕಾಶದ ಬೆಳಕನ್ನು ಕಂಡವರ ವರದಿಗಳೆಲ್ಲ ಈ ನಡುವಿನ ಸ್ಥಿತಿಯಲ್ಲಿ ಹುಟ್ಟುತ್ತವೆ. ಕೇಳುವವರ ಆತುರಕ್ಕೆ ಸಿಕ್ಕಿ ಅವು ನಿಶ್ಚಯದ ವೇಷ ತೊಡುತ್ತವೆ.

ಈ ವೇಷಧಾರಣೆಗೆ ಪ್ರಸಿದ್ಧ ಉದಾಹರಣೆ ಅಮೆರಿಕದ ಕೆನೆತ್ ಆರ್ನಾಲ್ಡನ ಪ್ರಸಂಗ. 1947ರ ಜೂನ್ 24ರಂದು ತನ್ನ ಪುಟ್ಟ ವಿಮಾನವನ್ನು ನಡಸುತ್ತಿದ್ದ ಈ ವ್ಯಾಪಾರಿ, ವಾಷಿಂಗ್ಟನ್ ರಾಜ್ಯದ ರೇನಿಯರ್ ಪರ್ವತದ ಬಳಿ ಒಂಬತ್ತು ಹೊಳೆಯುವ ಆಕೃತಿಗಳು ಸಾಲಾಗಿ ಸಾಗುವುದನ್ನು ಕಂಡ. ಎರಡು ಶಿಖರಗಳ ನಡುವಣ ಹಾದಿಯನ್ನು ಅವು ದಾಟಲು ಹಿಡಿದ ವೇಳೆಯನ್ನು ಗಡಿಯಾರ ನೋಡಿ ಗುರುತಿಸಿಕೊಂಡ. ಬಸಿಯೊಂದನ್ನು ನೀರಿನ ಮೇಲೆ ಚಿಮ್ಮಿ ಎಸೆದರೆ ಅದು ಹೇಗೆ ಪುಟಿಯುತ್ತ ಹೋಗುವುದೋ ಹಾಗೆ ಅವು ಹಾರುತ್ತಿದ್ದವೆಂದು ಪತ್ರಕರ್ತರಿಗೆ ಹೇಳಿದ. ಅದು ಗತಿಗೆ ಕೊಟ್ಟ ಉಪಮೆ. ಪತ್ರಿಕೆಗಳಲ್ಲಿ ಅಚ್ಚಾಗುವಾಗ ಅದು ಆಕಾರದ ವರ್ಣನೆಯಾಗಿ, ಕೆಲವೇ ದಿನಗಳಲ್ಲಿ ಒಂದು ನಾಮಪದವಾಗಿ ಮಾರ್ಪಟ್ಟಿತು. ತನ್ನ ಮಾತನ್ನು ತಪ್ಪಾಗಿ ಗ್ರಹಿಸಿದರೆಂದು ಆರ್ನಾಲ್ಡ್ 1950ರಲ್ಲಿ ಹೇಳಿಕೊಂಡ. ಸೈನ್ಯಕ್ಕೆ ಅವನು ಬರೆದುಕೊಟ್ಟ ಚಿತ್ರದಲ್ಲಿ ಆಕೃತಿಯ ಮುಂಭಾಗ ದುಂಡಗೆ, ಹಿಂಭಾಗ ಮೊನಚಾಗಿದೆ, ಪೂರ್ಣವೃತ್ತವಲ್ಲ. ಆದರೆ ಆರಂಭದ ದಿನಗಳ ಅವನ ಮಾತುಗಳೂ ಒಂದೇ ತೆರನಾಗಿರಲಿಲ್ಲವೆಂಬುದನ್ನು ಮರೆಯಲಾಗದು. ಆದಕಾರಣ ತಪ್ಪನ್ನೆಲ್ಲ ಪತ್ರಕರ್ತರ ತಲೆಗೆ ಕಟ್ಟುವುದೂ ನ್ಯಾಯವಲ್ಲ. ಮುಂದೆ ನಡೆದುದು ವಿಚಿತ್ರ. ಹೆಸರು ಹುಟ್ಟಿದ ಮೇಲೆ ಜನ ಅದೇ ಆಕಾರವನ್ನು ಕಾಣತೊಡಗಿದರು. ಆರ್ನಾಲ್ಡ್ ಚಿತ್ರಿಸಿದ ಮೊನಚು ಬಾಲದ ಆಕೃತಿಯನ್ನು ಕಂಡವರು ವಿರಳ. ಅವನ ಹೆಸರಿನಲ್ಲಿ ಅಚ್ಚಾದ ದುಂಡು ಬಸಿಯನ್ನು ಕಂಡವರು ಅಸಂಖ್ಯಾತರು.

ಭಾಷಾಂತರದ ಮಾತು ಬಂದುದರಿಂದ ಒಂದೆರಡು ವಾಕ್ಯ. ಚಹದ ಬಸಿ ಕನ್ನಡಕ್ಕೆ ಬರುವಷ್ಟರಲ್ಲಿ ಊಟದ ತಟ್ಟೆಯಾಗಿ 'ಹಾರುವ ತಟ್ಟೆ' ಎನಿಸಿಕೊಂಡಿತು. ನಮ್ಮ ಸುತ್ತಣ ಮರಾಠಿಯಲ್ಲಿ ಅದು 'ಉಡತೀ ತಬಕಡೀ', ಹಿಂದಿಯಲ್ಲಿ 'ಉಡನ್ ತಶ್ತರೀ'. ನೀರಿನ ಮೇಲೆ ಪುಟಿಯುವ ಚಲನೆಯ ಸುಳಿವು ಈ ಮೂರರಲ್ಲಿ ಎಲ್ಲಿಯೂ ಉಳಿದಿಲ್ಲ. ಅಮೆರಿಕದ ವಾಯುಸೇನೆ ಆಮೇಲೆ ಬಳಕೆಗೆ ತಂದ 'ಗುರುತಿಸಲಾಗದ ಹಾರುವ ವಸ್ತು' ಎಂಬ ಗಂಭೀರ ಹೆಸರಾದರೂ ನಿರ್ದೋಷವೆ? ಅದರಲ್ಲಿ 'ಗುರುತಿಸಲಾಗದ' ಎಂಬುದೊಂದೇ ಪ್ರಾಮಾಣಿಕವಾದ ಪದ. 'ಹಾರುವ' ಎಂಬುದೂ 'ವಸ್ತು' ಎಂಬುದೂ ವಿಚಾರಣೆಗೆ ಮುಂಚೆಯೇ ಕೊಟ್ಟ ತೀರ್ಪುಗಳು. ಈಚೆಗೆ ಅಲ್ಲಿನ ಸರ್ಕಾರವೇ 'ವಸ್ತು'ವನ್ನು ಬಿಟ್ಟು 'ವಿದ್ಯಮಾನ' ಎಂಬ ಪದವನ್ನು ಹಿಡಿದಿದೆ. ಎಪ್ಪತ್ತು ವರ್ಷಗಳಲ್ಲಿ ಈ ಶಾಸ್ತ್ರ ಸಾಧಿಸಿದ ನಿಜವಾದ ಪ್ರಗತಿ ಇದೊಂದೇ ಇರಬಹುದೆಂದು ನಮಗೆ ಅನಿಸುತ್ತದೆ.

ಆ ವಾಯುಸೇನೆ 'ಬ್ಲೂ ಬುಕ್' ಎಂಬ ಯೋಜನೆಯ ಕಡತಗಳಲ್ಲಿ 1969ರವರೆಗೆ 12,618 ವರದಿಗಳನ್ನು ಕೂಡಿಹಾಕಿತು. 701 ವರದಿಗಳು ಗುರುತಿಲ್ಲದೆ ಉಳಿದವು. ಈ ಎರಡು ಅಂಕಿಗಳನ್ನು ಇಬ್ಬಣದವರೂ ಆಯುಧವಾಗಿ ಬೀಸುತ್ತಾರೆ. ಆದರೆ ವಿಮರ್ಶಕನ ಕಣ್ಣಿಗೆ ಅಂಕಿಗಳಿಗಿಂತ ಬೆಲೆಬಾಳುವುದು ಆ ಕಾಲದಲ್ಲಿಯೇ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಎಡ್ವರ್ಡ್ ಕಾಂಡನ್ ಎಂಬ ಭೌತವಿಜ್ಞಾನಿಯ ನೇತೃತ್ವದಲ್ಲಿ ಸಿದ್ಧವಾದ ವರದಿಯ ಒಂದು ಅಧ್ಯಾಯ. ಅದನ್ನು ಬರೆದವನು ವಿಲಿಯಂ ಹಾರ್ಟ್‌ಮನ್ ಎಂಬ ಖಗೋಳಜ್ಞ.

1968ರ ಮಾರ್ಚ್ 3ರ ರಾತ್ರಿ ಅಮೆರಿಕದ ಪೂರ್ವಭಾಗದ ಹಲವು ರಾಜ್ಯಗಳ ಜನ ಆಕಾಶದಲ್ಲಿ ಉರಿಯುವ ತುಣುಕುಗಳ ಮೆರವಣಿಗೆಯೊಂದನ್ನು ಕಂಡರು. ಸೋವಿಯತ್ ದೇಶ ಹಿಂದಿನ ದಿನ ಹಾರಿಸಿದ್ದ ಝೋಂಡ್ 4ಕ್ಕೆ ಸಂಬಂಧಿಸಿದ ಅವಶೇಷಗಳು ವಾಯುಮಂಡಲವನ್ನು ಹೊಕ್ಕು ಉರಿದದ್ದು ಅದು. ಏನು, ಎಲ್ಲಿ, ಯಾವ ದಿಕ್ಕಿನಲ್ಲಿ ಎಂಬುದೆಲ್ಲ ಹೀಗೆ ತಿಳಿದಿರುವಾಗ, ನೂರಾರು ಮೈಲಿಗಳ ಹರವಿನಲ್ಲಿ ಚದುರಿದ, ಒಬ್ಬರನ್ನೊಬ್ಬರು ಅರಿಯದ ಸಾಕ್ಷಿಗಳ ಹೇಳಿಕೆಗಳನ್ನು ಮೂಲಕ್ಕೆ ಹೋಲಿಸುವ ಅವಕಾಶ ದೊರೆಯಿತು. ಪಾಠಸಂಶೋಧಕನಿಗೆ ಕವಿಯ ಹಸ್ತಪ್ರತಿಯೇ ಸಿಕ್ಕಂತೆ. ಅನೇಕರು ಕಂಡುದನ್ನು ಯಥಾವತ್ತಾಗಿ ಹೇಳಿದ್ದರು: ಬೆಂಕಿಯ ತುಣುಕುಗಳು, ಹಿಂದೆ ಬಾಲ, ಒಂದೇ ದಿಕ್ಕಿನ ಗತಿ, ನಿಶ್ಶಬ್ದ. ಆದರೆ ಕೆಲವರು, ಅವರಲ್ಲಿ ವಿದ್ಯಾವಂತರೂ ಇದ್ದರು, ಆ ತುಣುಕುಗಳನ್ನು ಒಂದು ಕರಿಯ ಒಡಲಿನ ಕಿಟಕಿಗಳೆಂದು ಕಂಡರು. ಒಳಗಿನಿಂದ ಬೆಳಗಿದ ಚೌಕ ಕಿಟಕಿಗಳು, ಲೋಹದ ತಗಡುಗಳನ್ನು ಮೊಳೆ ಬಡಿದು ಜೋಡಿಸಿದಂಥ ಮೈ. ಇಷ್ಟು ವಿವರ ಅವರ ಹೇಳಿಕೆಯಲ್ಲಿದೆ. ಸುಮಾರು ನೂರು ಕಿಲೋಮೀಟರ್ ಎತ್ತರದಲ್ಲಿ ಸಾಗಿದ್ದನ್ನು ಕೆಲವರು ಮರಗಳ ನೆತ್ತಿಗೆ ಇಳಿಸಿಬಿಟ್ಟಿದ್ದರು.

ಈ ಸಾಕ್ಷಿಗಳು ಸುಳ್ಳಾಡಲಿಲ್ಲ. ಬೆಳಕಿನ ಚುಕ್ಕೆಗಳು ಒಂದು ಸಾಲಿನಲ್ಲಿ, ಒಂದೇ ವೇಗದಲ್ಲಿ ಸಾಗಿದರೆ ನಡುವಣ ಕತ್ತಲೆಯನ್ನು ಮನಸ್ಸು ಒಂದು ಒಡಲಾಗಿ ತುಂಬುತ್ತದೆ. ಚುಕ್ಕೆಗಳು ಆಗ ಕಿಟಕಿಗಳೇ ಆಗುತ್ತವೆ. ಬೊಂಬಾಯಿಯ ಲೋಕಲ್ ರೈಲು ರಾತ್ರಿ ದೂರದ ಸೇತುವೆಯ ಮೇಲೆ ಹಾಯುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ: ನಾವು ಕಾಣುವುದು ಹಳದಿ ಚೌಕಗಳ ಸಾಲು, ಹೇಳುವುದು 'ರೈಲು' ಎಂದು. ಅಲ್ಲಿ ಊಹೆ ನಿಜವಾಗುತ್ತದೆ, ಆಕಾಶದಲ್ಲಿ ಆಗಲಿಲ್ಲ. ಹಾರ್ಟ್‌ಮನ್ನನ ಇನ್ನೊಂದು ಮಾತು ಮನನೀಯವಾದುದು. ಅತಿ ಹೆಚ್ಚು ತಪ್ಪಿದವರ ಹೇಳಿಕೆಗಳೇ ಅತಿ ದೀರ್ಘವಾಗಿ, ವಿವರಪೂರ್ಣವಾಗಿ ಇರುತ್ತವೆ. ಉದ್ವೇಗಗೊಂಡವನೇ ಪತ್ರ ಬರೆಯಲು ಮುಂದಾಗುತ್ತಾನೆ. ವಿವರ ಹೆಚ್ಚಿದಷ್ಟೂ ಸಾಕ್ಷ್ಯ ಬಲಿಷ್ಠವೆಂಬ ನಮ್ಮ ನ್ಯಾಯಾಲಯದ ನಂಬಿಕೆಗೆ ಇದು ನೇರ ವಿರೋಧ.

ಇಷ್ಟಾದರೂ ಆ ಅಧ್ಯಾಯದಲ್ಲಿ ಒಂದು ಕೊರತೆ ಉಂಟೆಂದು ಹೇಳಬೇಕು. ತಪ್ಪಿದವರನ್ನು ಅದು ಸೂಕ್ಷ್ಮವಾಗಿ ವಿಶ್ಲೇಷಿಸಿದೆ. ಸರಿಯಾಗಿ ಹೇಳಿದವರು ಏಕೆ ಸರಿಯಾಗಿ ಹೇಳಿದರು ಎಂಬುದಕ್ಕೆ ಅಷ್ಟು ಸ್ಥಳ ಕೊಟ್ಟಿಲ್ಲ. ಒಂದೇ ರಾತ್ರಿ, ಒಂದೇ ಆಕಾಶದ ಕೆಳಗೆ ನಿಂತ ಒಬ್ಬ 'ಉರಿಯುವ ತುಣುಕು'ಗಳಲ್ಲಿಯೇ ನಿಂತುಕೊಂಡ, ಇನ್ನೊಬ್ಬ 'ಕಿಟಕಿ'ಗೆ ಹಾರಿದ. ನಿಲ್ಲುವುದಕ್ಕೂ ಒಂದು ಶಕ್ತಿ ಬೇಕು. ಆ ಶಕ್ತಿಯ ವಿಚಾರಣೆ ಆಗದಿದ್ದುದರಿಂದಲೇ, ಈ ಅಧ್ಯಾಯವನ್ನು ಆಧಾರವಾಗಿಟ್ಟುಕೊಂಡ ಬಹುಮಂದಿ 'ಸಾಕ್ಷಿಯನ್ನು ನಂಬಲಾಗದು' ಎಂಬ ಸುಲಭ ಸೂತ್ರಕ್ಕೆ ಬಂದುಬಿಟ್ಟರು.

ಆ ಸೂತ್ರ ಎಷ್ಟು ಅಪಾಯಕರವೆಂಬುದಕ್ಕೆ ಫ್ರಾನ್ಸಿನ ಇತಿಹಾಸವೇ ಸಾಕ್ಷಿ. 1768ರಲ್ಲಿ ಲೂಸೆ ಎಂಬ ಊರಿನ ಬಳಿ ಆಕಾಶದಿಂದ ಕಲ್ಲು ಬಿದ್ದುದನ್ನು ರೈತಾಪಿ ಜನ ಕಂಡರು. ವಿಜ್ಞಾನ ಅಕಾಡೆಮಿ ನೇಮಿಸಿದ ಸಮಿತಿ, ಅದರಲ್ಲಿ ಲವಾಸಿಯೆಯಂಥ ಮಹಾಪ್ರತಿಭೆಯೂ ಇತ್ತು, ಕಲ್ಲನ್ನು ಪರೀಕ್ಷಿಸಿ 1772ರಲ್ಲಿ ಅದು ಆಕಾಶದಿಂದ ಬಿದ್ದುದಲ್ಲ, ನೆಲದಲ್ಲಿದ್ದ ಕಲ್ಲಿಗೆ ಸಿಡಿಲು ಬಡಿದಿರಬೇಕು ಎಂದು ತೀರ್ಮಾನಿಸಿತು. ಹೊಲದಲ್ಲಿ ದುಡಿಯುವವನ ಕಣ್ಣಿಗಿಂತ ಪಂಡಿತನ ಸಿದ್ಧಾಂತ ದೊಡ್ಡದಾಯಿತು. ಮೂವತ್ತೊಂದು ವರ್ಷಗಳ ಮೇಲೆ, 1803ರ ಏಪ್ರಿಲ್ 26ರಂದು, ನಾರ್ಮಂಡಿಯ ಲೇಗ್ಲ್ ಪಟ್ಟಣದ ಸುತ್ತಣ ಹಳ್ಳಿಗಳ ಮೇಲೆ ಸುಮಾರು 3,000 ಕಲ್ಲುಗಳು ಸುರಿದವು. ವಿಚಾರಣೆಗೆ ಹೋದವನು ತರುಣ ವಿಜ್ಞಾನಿ ಬಿಯೋ. ಅವನು ನೇರವಾಗಿ ಲೇಗ್ಲಿಗೆ ಹೋಗದೆ ದೂರದಿಂದ ವಿಚಾರಿಸುತ್ತ ಬಂದ. ಬೆಂಕಿಯುಂಡೆಯನ್ನು ಕಂಡವರು ಯಾರು, ಸದ್ದನ್ನು ಮಾತ್ರ ಕೇಳಿದವರು ಯಾರು ಎಂದು ಊರೂರಿನಲ್ಲಿ ಬೇರ್ಪಡಿಸಿದ. ಕಲ್ಲು ಸಿಕ್ಕಿದ ಸ್ಥಳಗಳನ್ನು ಗುರುತುಮಾಡಿ ಅವೆಲ್ಲ ಒಂದು ಅಂಡಾಕಾರದ ಕ್ಷೇತ್ರದೊಳಗೆ ಬೀಳುತ್ತವೆಂದು ತೋರಿಸಿದ. ವೃತ್ತಿ, ಅಂತಸ್ತು, ಹಿತಾಸಕ್ತಿಗಳಲ್ಲಿ ಪರಸ್ಪರ ಭಿನ್ನರಾದವರ ಮಾತು ಒಂದೇ ದಿನ, ಒಂದೇ ಗಳಿಗೆಗೆ ಕೂಡಿಬಂದಿತ್ತು. ಉಲ್ಕಾಶಿಲೆ ಎಂಬುದೊಂದು ಉಂಟೆಂದು ಜರ್ಮನಿಯ ಕ್ಲಾಡ್ನಿ 1794ರಲ್ಲಿಯೇ ವಾದಿಸಿದ್ದನಾದರೂ ವಿದ್ವತ್ಸಭೆ ತಲೆದೂಗಿದ್ದು ಬಿಯೋನ ವರದಿಯನ್ನು ಕೇಳಿದ ಮೇಲೆ.

ಲೂಸೆಯ ಸಮಿತಿಗೂ ಬಿಯೋನಿಗೂ ಭೇದವಿರುವುದು ಬುದ್ಧಿಯಲ್ಲಲ್ಲ, ಪ್ರಶ್ನೆಯಲ್ಲಿ. ಸಮಿತಿಯ ಪ್ರಶ್ನೆ ಕಲ್ಲು ಆಕಾಶದಿಂದ ಬೀಳಬಲ್ಲುದೆ ಎಂಬುದು. ಬಿಯೋನ ಪ್ರಶ್ನೆ: ಎಲ್ಲಿ ನಿಂತಿದ್ದೆ, ಯಾವ ಕಡೆ ನೋಡುತ್ತಿದ್ದೆ, ಎಷ್ಟು ಹೊತ್ತು ಕೇಳಿಸಿತು?

ನಮ್ಮ ದೇಶದ್ದೇ ಆದ ಒಂದು ಪ್ರಸಂಗ ಇಲ್ಲಿ ಪರಿಶೀಲನೆಗೆ ಅರ್ಹವಾಗಿದೆ. 2012ರ ಆಗಸ್ಟಿನಿಂದ 2013ರ ಫೆಬ್ರವರಿವರೆಗೆ ಲಡಾಖಿನ ಪಾಂಗಾಂಗ್ ಸರೋವರದ ದಡದ ಠಾಕುಂಗ್ ಎಂಬಲ್ಲಿ ಕಾವಲಿದ್ದ ನಮ್ಮ ಸೈನಿಕರು ಗಡಿಯ ಆಕಾಶದಲ್ಲಿ ಬೆಳಕುಗಳನ್ನು ಕಂಡು 329 ಬಾರಿ ದಾಖಲಿಸಿದರು. ಅವುಗಳಲ್ಲಿ 155 ದಾಖಲೆಗಳು ಬೆಳಕು ಗಡಿ ದಾಟಿ ನಮ್ಮ ಕಡೆಗೆ ಬಂದಿತೆಂದು ಹೇಳುತ್ತಿದ್ದವು. ಒಂದು ಸಂಜೆ 6 ಗಂಟೆಯ ಹೊತ್ತಿಗೆ ಕಾಣುವುದು, ಇನ್ನೊಂದು ಬೆಳಗಿನ ಜಾವ 4 ಗಂಟೆಯ ಹೊತ್ತಿಗೆ. ಚೀನದ ಬೇಹುಗಾರಿಕೆಯ ಡ್ರೋನುಗಳಿರಬಹುದೆಂಬ ಸಂಶಯ ಹುಟ್ಟಿತು. ಕೊನೆಗೆ ಬೆಂಗಳೂರಿನ ಭಾರತೀಯ ಖಭೌತವಿಜ್ಞಾನ ಸಂಸ್ಥೆಯ ವಿಜ್ಞಾನಿಗಳನ್ನು ಕೇಳಲಾಯಿತು. ಆ ಸಂಸ್ಥೆಯ ವೀಕ್ಷಣಾಲಯವೊಂದು ಲಡಾಖಿನ ಹಾನ್ಲೆಯಲ್ಲಿ ಸುಮಾರು 4,500 ಮೀಟರ್ ಎತ್ತರದಲ್ಲಿದೆ. ಅಲ್ಲಿನ 2 ಮೀಟರ್ ದರ್ಪಣದ ದೂರದರ್ಶಕವನ್ನು ನಮ್ಮ ಹೊಸಕೋಟೆಯಲ್ಲಿ ಕುಳಿತೇ ನಡಸುತ್ತಾರೆ. ದಾಖಲೆಗಳನ್ನು ಆಕಾಶದ ಲೆಕ್ಕಕ್ಕೆ ಹೋಲಿಸಿ ನೋಡಲಾಗಿ ಸಂಜೆಯ ಬೆಳಕು ಗುರು, ಮುಂಜಾವಿನದು ಶುಕ್ರ ಎಂದು ನಿರ್ಣಯವಾಯಿತು.

2013ರ ಜುಲೈಯಲ್ಲಿ ಇದು ಪತ್ರಿಕೆಗಳಿಗೆ ತಲಪಿದಾಗ ಗ್ರಹಗಳಿಗೆ ಬೆದರಿದ ಸೈನ್ಯವೆಂದು ನಗೆಯಾಡಿದವರು ಬಹಳ. ಆ ನಗೆ ಅವಿಚಾರದ್ದು. 2012ರ ಡಿಸೆಂಬರ್ 3ರಂದು ಗುರು ಸೂರ್ಯನಿಗೆ ಎದುರಾಗಿದ್ದ. ಎಂದರೆ ಸೂರ್ಯ ಮುಳುಗುತ್ತಿದ್ದಂತೆ ಮೂಡಣದಲ್ಲಿ, ಅದೂ ಚೀನದ ಕಡೆಯ ಬೆಟ್ಟಗಳ ಮೇಲೆ, ಏಳುತ್ತಿದ್ದ. ಆ ಎತ್ತರದ ತೆಳುವಾದ, ನಿರ್ಮಲವಾದ ಗಾಳಿಯಲ್ಲಿ ಅವನ ಹೊಳಪು ಬಯಲುಸೀಮೆಯಲ್ಲಿ ಬೆಳೆದವನಿಗೆ ಅಪರಿಚಿತ. ರಾತ್ರಿ ಏರಿದಂತೆ ಅವನು ಪಡುವಣಕ್ಕೆ ಸರಿದಾಗ ಗಡಿ ದಾಟಿ ಬಂದಂತೆಯೇ ತೋರುವುದು ಸಹಜ. ಆ 155 'ಅತಿಕ್ರಮಣ'ಗಳ ಮೂಲ ಇದೇ ಇರಬೇಕೆಂದು ನಮ್ಮ ಊಹೆ. ಮುಂದಿನ ಏಪ್ರಿಲ್‌ನಲ್ಲಿ ದೆಪ್ಸಾಂಗಿನಲ್ಲಿ ಎರಡೂ ಸೈನ್ಯಗಳು ವಾರಗಳ ಕಾಲ ಎದುರುಬದುರಾಗಿ ನಿಂತುದನ್ನು ನೆನೆದರೆ, ಒಂದು ತಪ್ಪು ನಾಮಪದದ ಬೆಲೆ ಎಷ್ಟಾಗಬಹುದಿತ್ತೆಂಬುದು ಗೊತ್ತಾಗುತ್ತದೆ. ಆ ಕಾವಲುಗಾರ 'ಡ್ರೋನ್' ಎಂಬ ಒಂದೇ ಪದವನ್ನು ಬರೆದು ಮುಗಿಸಿದ್ದರೆ ಬೆಂಗಳೂರಿನವರಲ್ಲ, ಬೃಹಸ್ಪತಿಯೇ ಬಂದರೂ ಅದನ್ನು ಬಿಡಿಸಲಾಗುತ್ತಿರಲಿಲ್ಲ. ಅವನು ಗಂಟೆಯನ್ನು ಬರೆದ, ಸ್ಥಾನವನ್ನು ಬರೆದ, ಚಳಿಯಲ್ಲಿ ಆರು ತಿಂಗಳು ಬಿಡದೆ ಬರೆದ. ತನ್ನ ಸಂಶಯವನ್ನು ಪರಿಹರಿಸುವ ಸಾಮಗ್ರಿಯನ್ನು ತಾನೇ ಒದಗಿಸಿದ ಸಾಕ್ಷಿ ಅವನು. ಆರ್ನಾಲ್ಡನ ಗಡಿಯಾರವನ್ನೂ ಇದೇ ಕಾರಣಕ್ಕೆ ಗೌರವಿಸಬೇಕು.

ನಮ್ಮ ಮಹಾರಾಷ್ಟ್ರದಲ್ಲಿಯೇ 2022ರ ಏಪ್ರಿಲ್ 2ರ ಸಂಜೆ ಅನೇಕ ಜಿಲ್ಲೆಗಳ ಜನ ಆಕಾಶದಲ್ಲಿ ಉರಿಯುವ ಸಾಲನ್ನು ಕಂಡರು; ಚಂದ್ರಪುರ ಜಿಲ್ಲೆಯ ಹಳ್ಳಿಯೊಂದರಲ್ಲಿ ದೊಡ್ಡ ಲೋಹದ ಬಳೆ ಬಿದ್ದಿತು. ಚೀನದ ರಾಕೆಟ್ಟೊಂದರ ಅವಶೇಷವೆಂದು ತಜ್ಞರು ಗುರುತಿಸಿದರು. ಎಲ್ಲರ ಕೈಯಲ್ಲಿಯೂ ಛಾಯಾಗ್ರಾಹಕ ಯಂತ್ರವಿರುವ ಈ ಕಾಲದಲ್ಲಿ ಸಾಕ್ಷ್ಯ ಸುಧಾರಿಸಿರಬೇಕಷ್ಟೆ? ಚಿತ್ರಗಳು ಸಾವಿರಾರು ಬಂದವು. ನಾವು ನೋಡಿದವುಗಳಲ್ಲಿ, ತೆಗೆದವನು ಯಾವ ದಿಕ್ಕಿಗೆ ಮುಖಮಾಡಿ ನಿಂತಿದ್ದನೆಂದು ಹೇಳುವ ಚಿತ್ರ ಒಂದೂ ಇರಲಿಲ್ಲ.

ಇನ್ನು ಕನ್ನಡದ ಮಾತು. ಇಂಥ ಬೆಳಕುಗಳಿಗೆ ನಮ್ಮ ಜನ ಇಟ್ಟ ಹೆಸರುಗಳನ್ನು ಗಮನಿಸಿದರೆ ಅವು ಎರಡು ಜಾತಿಯವೆಂಬುದು ಕಾಣುತ್ತದೆ. 'ಬಾಲಚುಕ್ಕಿ' ಎಂಬುದು ಶುದ್ಧ ವರದಿ: ಚುಕ್ಕಿಯೊಂದಿದೆ, ಅದಕ್ಕೆ ಬಾಲವಿದೆ, ಅಷ್ಟೆ. 'ಕೊಳ್ಳಿದೆವ್ವ' ಹಾಗಲ್ಲ. ಅದರ ಪೂರ್ವಪದ ಕಂಡದ್ದು, ಉತ್ತರಪದ ತೀರ್ಪು. ಸಂಸ್ಕೃತದ 'ಉಲ್ಕಾ' ಎಂಬ ಪದಕ್ಕೂ ಉರಿಯುವ ಕೊಳ್ಳಿ ಎಂಬ ಅರ್ಥ ಉಂಟು. ಎರಡು ಭಾಷೆಗಳೂ ಒಂದೇ ಉಪಮೆಯನ್ನು ಹಿಡಿದವು, ಒಂದು ಅಲ್ಲಿಯೇ ನಿಂತಿತು, ಇನ್ನೊಂದು ದೆವ್ವವನ್ನು ಕರೆತಂದಿತು. ಹಾಗೆಂದು ಸಂಸ್ಕೃತದ ಶಾಸ್ತ್ರಕಾರ ನಿರ್ಲಿಪ್ತನೆಂದಲ್ಲ. ಸ್ವರ್ಗದಲ್ಲಿ ಪುಣ್ಯಫಲವನ್ನುಂಡು ಕೆಳಗೆ ಬೀಳುವವರ ರೂಪಗಳೇ ಉಲ್ಕೆಗಳೆಂದು ವರಾಹಮಿಹಿರನೂ ಬೃಹತ್ಸಂಹಿತೆಯಲ್ಲಿ ಆರಂಭಿಸುತ್ತಾನೆ. ಆದರೆ ಅಷ್ಟಕ್ಕೆ ಬಿಡದೆ ಧಿಷ್ಣ್ಯಾ, ಉಲ್ಕಾ, ಅಶನಿ, ವಿದ್ಯುತ್, ತಾರಾ ಎಂದು ಐದಾಗಿ ವಿಂಗಡಿಸಿ, ಆಕಾರ, ಅಳತೆ, ಸದ್ದು, ಗತಿಗಳನ್ನು ಹೇಳುತ್ತಾನೆ. ಕೇತುಗಳು ಕಾಣುವ ಮರೆಯಾಗುವ ಕಾಲವನ್ನು ಗಣಿತದಿಂದ ತಿಳಿಯಲಾಗದೆಂದು ಸ್ಪಷ್ಟವಾಗಿ ಒಪ್ಪಿಕೊಳ್ಳುತ್ತಾನೆ. ಫಲಭಾಗವನ್ನು ಕಿತ್ತುಹಾಕಿದರೂ ಲಕ್ಷಣಭಾಗ ನಮ್ಮ ಕೈಯಲ್ಲಿ ಉಳಿಯುತ್ತದೆ.

ಕೊಳ್ಳಿದೆವ್ವದ ವಿಷಯದಲ್ಲಿ ಹಾಗೆ ಉಳಿದಿರುವುದೇನು? ನಾವು ಓದಿದ ಮಟ್ಟಿಗೆ ಅದರ ಕಥೆಗಳಲ್ಲಿ ಊರಿನ ಹೆಸರುಂಟು, ಕಂಡವನು ಜ್ವರ ಬಂದು ಮಲಗಿದ್ದುಂಟು. ತಿಂಗಳಿಲ್ಲ, ಮಳೆ ಬಂದಿತ್ತೆ ಎಂಬುದಿಲ್ಲ, ಬೆಳಕು ಗದ್ದೆಯ ಮೇಲೋ ಗುಡ್ಡದ ಅಂಚಿನಲ್ಲೋ ಎಂಬುದಿಲ್ಲ. ಸಂಗ್ರಹಕಾರನಿಗೆ ದೆವ್ವ ಬೇಕಾಗಿತ್ತು, ಕೊಳ್ಳಿ ಬೇಕಾಗಿರಲಿಲ್ಲ. ಓದಿದವರಾದರೋ 'ಅದು ರಂಜಕ, ಜೌಗಿನ ಅನಿಲ' ಎಂದು ಶಾಲೆಯ ಪುಸ್ತಕದ ಮಾತನ್ನು ಹೇಳಿ ಕೈತೊಳೆದುಕೊಳ್ಳುತ್ತಾರೆ. ಆ ಅನಿಲ ತಾನಾಗಿ ಹೊತ್ತಿಕೊಳ್ಳುವುದು ಹೇಗೆಂಬ ಚರ್ಚೆ ರಸಾಯನಶಾಸ್ತ್ರದಲ್ಲಿ ಬಹುಕಾಲದಿಂದ ನಡೆದುಬಂದಿದೆಯೆಂಬುದನ್ನು ಅವರು ವಿಚಾರಿಸಿದಂತಿಲ್ಲ. ದೆವ್ವ ಹೋಗಿ ರಂಜಕ ಬಂದಿತು. ತೀರ್ಪು ಬದಲಾಯಿತೇ ಹೊರತು ವಿಚಾರಣೆ ನಡೆಯಲಿಲ್ಲ. ಮಲೆನಾಡಿನಲ್ಲಿ ಜನ ದೊಂದಿ, ಸೂಡಿ ಹಿಡಿದು ರಾತ್ರಿ ನಡೆಯುತ್ತಿದ್ದರು. ದೂರದ ಗುಡ್ಡದಲ್ಲಿ ಒಂದು ಕಂಡು, ಮರದ ಮರೆಯಲ್ಲಿ ಆರಿ, ಮತ್ತೆ ಬೇರೆಡೆ ಹೊತ್ತಿಕೊಳ್ಳುವ ಬೆಳಕು ಎಷ್ಟೋ ಬಾರಿ ನೆರೆಯೂರಿನವನ ಸೂಡಿಯೇ ಆಗಿದ್ದಿರಬಹುದು. ಎಲ್ಲವೂ ಹಾಗೆಯೇ ಎಂದು ನಾವು ಹೇಳುವುದಿಲ್ಲ. ಹೇಳಲು ದಾಖಲೆ ಇಲ್ಲ.

ಆ ದಾಖಲೆಯ ಒಂದು ಭಾಗ ಈ ಊರಿನಲ್ಲಿಯೇ ಇದೆ. ಊರು ಬಿಟ್ಟು ಐವತ್ತು ಅರವತ್ತು ವರ್ಷಗಳಾದ ಹಿರಿಯರು ಮಾಟುಂಗದಲ್ಲಿ, ಗೋರೆಗಾಂವಿಯಲ್ಲಿ, ಡೊಂಬಿವಲಿಯಲ್ಲಿ ಎಷ್ಟು ಮಂದಿ ಇಲ್ಲ! ಗದ್ದೆಯಂಚಿನಲ್ಲಿ ವಿದ್ಯುದ್ದೀಪವಿಲ್ಲದ ಕಾಲದ ರಾತ್ರಿಯನ್ನು ಕಂಡ ಕಣ್ಣುಗಳು ಅವರವು. ಆ ಕತ್ತಲೆ ಈಗ ಊರಿನಲ್ಲಿಯೂ ಇಲ್ಲ. ಅವರನ್ನು ಕೇಳುವಾಗ 'ನೀವು ಕೊಳ್ಳಿದೆವ್ವ ನೋಡಿದ್ದೀರಾ?' ಎಂದು ಕೇಳಬಾರದು. ಮನೆಯ ಬಾಗಿಲು ಯಾವ ದಿಕ್ಕಿಗಿತ್ತು, ಗದ್ದೆ ಕೊಯ್ದಿತ್ತೆ ನೀರು ನಿಂತಿತ್ತೆ, ಚಾಚಿದ ಕೈಯ ಎಷ್ಟು ಬೆರಳಗಲ ಎತ್ತರದಲ್ಲಿ ಕಂಡಿತು, ಎಣಿಸಿದರೆ ಎಷ್ಟು ಎಣಿಕೆ ಉಳಿಯಿತು, ಜೊತೆಗಿದ್ದವರು ಆಗ ಏನೆಂದರು, ಮರುದಿನ ಏನೆಂದರು ಎಂದು ಕೇಳಬೇಕು.